ಪಕ್ಕದ ಕುರ್ಚಿ

ಭಾನುವಾರ, ಬೆಳಗ್ಗೆ

ಅಧ್ಯಕ್ಷರಿಗೆ, ಅಂದರೆ ನಿನಗೆ,

ಹೆಸರು ಹಿಡಿದು ಕರೆಯೋಣವೆಂದರೆ ಆ ಸಲಿಗೆ ಇನ್ನೂ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಅದಕ್ಕೇ ಹುದ್ದೆಯಿಂದ ಶುರು ಮಾಡಿದೆ. ನೀನು ನಿನ್ನ ಅಕ್ಕನ ಮನೆಯ ಮಹಡಿಗೆ ಹೋದ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಜಗಳಕ್ಕಲ್ಲ, ಹೆದರಬೇಡ. ನಿನ್ನೆಯ ಸಭೆಯ ಬಗ್ಗೆ ನಾಲ್ಕು ಮಾತು, ಅಷ್ಟೆ.

ಅಧಿಕಾರ ಬಿಟ್ಟ ಅಧ್ಯಕ್ಷ ಹೊಸ ಅಧ್ಯಕ್ಷರ ಪಕ್ಕದ ಕುರ್ಚಿಯಲ್ಲೇ ಕೂರಬೇಕು, ಸಲಹೆ ಕೊಡಬೇಕು, ಮತವನ್ನೂ ಹಾಕಬೇಕು ಎಂದು ನಮ್ಮ ಟೇಬಲ್ ಟೆನಿಸ್ ಕ್ಲಬ್ಬಿಗೆ ನಿಯಮ ಬರೆದವರು ಯಾರೋ ಪುಣ್ಯಾತ್ಮರು. ಗಂಡನ ನಂತರ ಹೆಂಡತಿ ಅಧ್ಯಕ್ಷೆಯಾಗಬಹುದು, ಅಷ್ಟರಲ್ಲಿ ಇಬ್ಬರೂ ಬೇರೆ ಬೇರೆ ಮನೆಯಲ್ಲಿರಬಹುದು ಎಂದು ಅವರಿಗೆ ಹೊಳೆದಿರಲಿಕ್ಕಿಲ್ಲ. ಹಾಗಾಗಿ ತಿಂಗಳಿಗೊಂದು ಸಲ ನಮ್ಮ ಮೊಣಕೈಗಳು ಒಂದೇ ಮೇಜಿನ ಮೇಲೆ.

ನಾನು ಬರುತ್ತಿದ್ದದ್ದು ನಿಯಮಕ್ಕಾಗಿ, ಆಮೇಲೆ ಚಹಾಕ್ಕಾಗಿ. ಬೇರೆ ಕಾರಣ ಹುಡುಕಬೇಡ. ಆದರೂ ಪಕ್ಕದಲ್ಲಿ ಕೂತವನಿಗೆ ಕಣ್ಣಿಲ್ಲವೇ? ನಿನ್ನ ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದೀಯ. ಮೊದಲು ಅದನ್ನು ಸರಿ ಮಾಡಿಸಿಕೊ. ನಾನು ಮಾತು ಎಳೆದಾಗ ಮೇಜಿನ ಕೆಳಗೆ ನನ್ನ ಶೂ ಒತ್ತುವ ಅಭ್ಯಾಸವನ್ನಂತೂ ನೀನು ಬಿಟ್ಟಿಲ್ಲ. ಮನೆಗೆ ನೆಂಟರು ಬಂದಾಗಲೂ ಅದೇ, ನಿನ್ನ ತಮ್ಮನ ಮದುವೆ ಮಾತುಕತೆಯಲ್ಲೂ ಅದೇ: ಸಾಕ್ರೀ, ಸುಮ್ನಿರಿ ಅಂತ. ಹೋದ ತಿಂಗಳು ಹಾಲ್‌ನ ದೀಪಗಳ ಬಗ್ಗೆ ನಾನು ಭಾಷಣ ಬಿಗಿಯುತ್ತಿದ್ದಾಗ ನೀನು ಒತ್ತಿದೆ. ನಾನು ತಕ್ಷಣ ಬಾಯಿ ಮುಚ್ಚಿದೆ. ಇಡೀ ಸಮಿತಿಗೇ ಆಶ್ಚರ್ಯ.

ನಿನ್ನೆ ಹಲ್ಲಿನ ಡಾಕ್ಟರು ಎದ್ದು ನಿಂತಾಗಲೇ ಇವತ್ತು ಏನನ್ನೋ ಕೀಳುತ್ತಾರೆ ಅನ್ನಿಸಿತು. ಮಾಜಿಗಳು ಇನ್ನು ಸಮಿತಿಯಲ್ಲಿ ಬೇಡ, ವಾರ್ಷಿಕ ಸಭೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು ಎಂಬ ಠರಾವು. ಬಸ್ಸಿಂದ ಇಳಿದ್ಮೇಲೂ ಡ್ರೈವರ್‌ಗೆ ದಾರಿ ಹೇಳ್ತಾ ಇದ್ರೆ ಬಸ್ಸು ಓಡೋದು ಹೇಗೆ ಸ್ವಾಮಿ, ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ಜೋರಾಗಿಯೇ. ಕಾರ್ಯದರ್ಶಿ ಮಾತ್ರ, ಹಳಬರಿದ್ರೆ ಹಳೇ ತಪ್ಪು ಮತ್ತೆ ಆಗಲ್ಲ ಅಲ್ವಾ, ಅಂದಳು, ಪಾಪ. ನೀನು ಪೆನ್ಸಿಲ್ ತಿರುಗಿಸುತ್ತಾ ಕೂತಿದ್ದೆ.

ಕೈ ಎಣಿಸಿದರು. ಪರ ಮೂರು, ವಿರುದ್ಧ ಮೂರು. ಉಳಿದದ್ದು ನನ್ನ ಮತ. ವಿರುದ್ಧ ಹಾಕಿದರೆ ನನ್ನ ಕುರ್ಚಿಗೆ ನಾನೇ ಅಂಟಿಕೊಂಡಂತೆ. ನಾನು ಸುಮ್ಮನಿದ್ದರೆ ಸಮಬಲ, ಆಗ ತೀರ್ಮಾನ ಮಾಡುವ ಮತ ನಿನ್ನದು. ಗಂಡನನ್ನು ಹೊರಗೆ ಹಾಕುವುದೋ ಇಟ್ಟುಕೊಳ್ಳುವುದೋ ಎಂದು ಎಲ್ಲರೆದುರು ನೀನು ಕೈ ಎತ್ತಿ ಹೇಳಬೇಕಿತ್ತು. ಆ ಸಂಕಟ ನಿನಗೆ ಬೇಡ ಎಂದುಕೊಂಡೆ. ನಾವಿಬ್ಬರೂ ಡಬಲ್ಸ್ ಆಡಿದವರು. ಹೊಡೆದವನು ತಕ್ಷಣ ಪಕ್ಕಕ್ಕೆ ಸರಿಯದಿದ್ದರೆ ಜೊತೆಗಾರ್ತಿಗೆ ಚೆಂಡು ಸಿಗುವುದಿಲ್ಲ. ಮೇಜಿನ ಮುಂದೆ ಸರಿಯೋದು ಗೊತ್ತು, ಮನೇಲಿ ಒಂದು ದಿನಾನೂ ಸರಿಯಲಿಲ್ಲ ನೀವು, ಅಂತ ಮನೆ ಬಿಟ್ಟು ಹೊರಡುವಾಗ ನೀನೇ ಹೇಳಿದ್ದೆಯಲ್ಲ. ಈ ಸಲ ಸರಿದೆ. ಠರಾವಿನ ಪರವಾಗಿ ಕೈ ಎತ್ತಿದೆ.

ಅಂಗೀಕಾರವಾಗಿದೆ ಎಂದು ನೀನು ಓದುವಾಗ ದನಿ ಒಡೆಯಿತು. ನೆಗಡಿ ಇರಬೇಕು. ಚಹಾ ಕೂಡ ಕುಡಿಯದೆ ನೀನು ಹೊರಟುಹೋದೆ. ಡಾಕ್ಟರೇ ನನ್ನ ಕುರ್ಚಿ ಎತ್ತಿ ಗೋಡೆಗೆ ಒರಗಿಸಿದರು, ಬಹಳ ಮರ್ಯಾದೆಯಿಂದ.

ಬೇಸರವಿಲ್ಲ ಎಂದರೆ ಸುಳ್ಳಾದೀತು. ಸಭೆಗೆಂದೇ ಆ ನೀಲಿ ಅಂಗಿಯನ್ನು ಇಸ್ತ್ರಿ ಮಾಡಿ ಬೇರೆ ಇಡುತ್ತಿದ್ದೆ. ಇವತ್ತು ಅದನ್ನು ಮಿಕ್ಕ ಬಟ್ಟೆಗಳ ಜೊತೆ ಸೇರಿಸಿದೆ. ಮಾಜಿಯ ಕೊನೆಯ ಸಲಹೆ ಒಂದಿದೆ: ಯಾರಾದರೂ ಮಾತು ಎಳೆದರೆ ಬಾಯಿಬಿಟ್ಟೇ ತಡೆ. ಎಲ್ಲರ ಶೂ ಒತ್ತಲು ಹೋಗಬೇಡ.

ಇತಿ,
ನಿನ್ನ (ಬೇಡವೆನಿಸಿದರೆ ಹೊಡೆದುಹಾಕು)
ಮಾಜಿ ಅಧ್ಯಕ್ಷ

ಮರೆತಿದ್ದೆ: ನಾನು ಕೈ ಎತ್ತುವುದಕ್ಕೆ ಮುಂಚೆ ಮೇಜಿನ ಕೆಳಗೆ ನಿನ್ನ ಕಾಲು ನನ್ನ ಶೂ ಮೇಲೆ ಬಿತ್ತು. ಗಟ್ಟಿಯಾಗಿಯೇ ಒತ್ತಿತು. ಇಕ್ಕಟ್ಟಿನ ಜಾಗ, ತಗುಲಿರಬೇಕು ಎಂದುಕೊಂಡು ಕೈ ಎತ್ತಿಬಿಟ್ಟೆ. ತಪ್ಪಿ ತಗುಲಿದ್ದಷ್ಟೆ ಎಂದು ಒಂದು ಸಾಲು ಬರೆದು ಹಾಕು. ಸುಳ್ಳಾದರೂ ಪರವಾಗಿಲ್ಲ.