ಆರು, ಒಂಬತ್ತು ಮತ್ತು ಅಮ್ಮನ ಮೀಟು

ಮಾವ,

ಮೊನ್ನೆ ನಿಮ್ಮ ವರ್ಷಾಬ್ದಿಕದ ಊಟಕ್ಕೆ ಕೂತವರೆಲ್ಲ ನಿಮ್ಮನ್ನು ‘ವೀಣೆ ಮಾಸ್ಟರು’ ಎಂದೇ ನೆನೆದರು. ನಾನು ಎಲೆಗಳಿಗೆ ಪಾಯಸ ಬಡಿಸುತ್ತಿದ್ದೆ. ಅದಕ್ಕೇ ಈ ಕಾಗದ.

ನಿಮ್ಮ ಆರ್ಕೆಸ್ಟ್ರಾಕ್ಕೆ ಸಿಂಥಸೈಸರ್ ಬಂದ ದಿನ ನೆನಪಿದೆಯೇ? ವಿಜಯವಾಡದ ಮನೆಯಲ್ಲಿ ಅದಕ್ಕೆ ಹಾರ ಹಾಕಿ ಕುಂಕುಮ ಹಚ್ಚಿದಿರಿ; ಗುಂಡಿಗಳನ್ನು ಮಾತ್ರ ನನಗೆ ಬಿಟ್ಟಿರಿ. ಅಮ್ಮನ, ಅಂದರೆ ನಿಮ್ಮ ಅಕ್ಕನ, ಬೆರಳು ಸೊಟ್ಟಗಾಗಿ ವೀಣೆ ಮೂಲೆ ಸೇರಿತ್ತು. ಆ ವೀಣೆಯ ಸದ್ದನ್ನು ಯಂತ್ರದಿಂದ ಹೊರಡಿಸಲು ಬೇಸಿಗೆಯಿಡೀ ಕೂತೆ. ಮೊದಲು ಗರಗಸದ ಹಲ್ಲಿನಂಥ ಒರಟು ಅಲೆ. ಅದರ ಕರ್ಕಶವನ್ನು ಫಿಲ್ಟರ್‌ನಲ್ಲಿ ಸೋಸಬೇಕು. ಆಮೇಲೆ ಸದ್ದಿಗೆ ಆಯುಸ್ಸು ಬರೆಯಬೇಕು: ಎಷ್ಟು ಬೇಗ ಏಳಬೇಕು, ಹೇಗೆ ಇಳಿಯಬೇಕು, ಬೆರಳೆತ್ತಿದ ಮೇಲೆ ಎಷ್ಟು ಹೊತ್ತು ಉಳಿಯಬೇಕು. ಮೀಟಿದ ತಂತಿ ಥಟ್ಟನೆ ಹುಟ್ಟಿ ನಿಧಾನವಾಗಿ ಸಾಯುತ್ತದೆ, ಅಲ್ಲವೇ? ಅಮ್ಮ ಕಣ್ಣು ಮುಚ್ಚಿ ಕೇಳಿದಳು.

“ಇದು ನನ್ನ ಮೀಟೇ ಕಣೇ.”

ಆ ಯಂತ್ರಕ್ಕೆ ನೆನಪಿರಲಿಲ್ಲ. ಗುಂಡಿ ತಿರುಗಿಸಿದರೆ ಸದ್ದು ಹೋಯಿತು. ಹಾಗಾಗಿ ಪ್ರತಿ ಗುಂಡಿಯ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದಿಟ್ಟೆ.

ಇಂದ್ರಕೀಲಾದ್ರಿ ಬೆಟ್ಟದ ಕೆಳಗೆ ದಸರೆಯ ಕಾರ್ಯಕ್ರಮಕ್ಕೆ ಅಮ್ಮ ಮೊದಲ ಸಾಲಿನಲ್ಲಿದ್ದಳು. ಚಪ್ಪಾಳೆ ನಿಲ್ಲುವ ಮೊದಲೇ ನೀವು ಮೈಕು ಹಿಡಿದು ಆ ವೀಣೆ ನಿಮ್ಮ ಸೃಷ್ಟಿ ಎಂದಿರಿ. ನನ್ನತ್ತ ಕೈ ತೋರಿಸಿ, ನಮ್ಮ ಅಮ್ಮಾಯಿ ಎಂಎ ಓದಿದ್ದಾಳೆ, ವೈರು ಚೆನ್ನಾಗಿ ಸುತ್ತುತ್ತಾಳೆ ಎಂದು ತೆಲುಗಿನಲ್ಲಿ ನಗಿಸಿದಿರಿ. ‘ಹುಡುಗಿ’ಯಾದ ನನಗಾಗ ಮೂವತ್ತೈದು. ಅಮ್ಮ ತಲೆ ತಗ್ಗಿಸಿದಳು.

ಮುಂದಿನ ವಾರ ನನ್ನನ್ನು ಬಿಟ್ಟು ವಿಶಾಖಪಟ್ಟಣದ ಕಾರ್ಯಕ್ರಮಕ್ಕೆ ಹೊರಟಿರಿ.

“ಎಲ್ಲಾ ಈ ಬುಕ್ಕಲ್ಲೇ ಇದೆಯಲ್ಲಮ್ಮಾ?”

“ಇದೆ ಮಾವ. ಓದ್ಕೊಂಡ್ರಾಯ್ತು.”

ತೆಲುಗು ಮೀಡಿಯಂನಲ್ಲಿ ಓದಿದ ನಿಮಗೆ ಕನ್ನಡದ ೬, ೯ ಒಂದೇ ಥರ. ನಮ್ಮ ಮನೆಯ ಕ್ಯಾಲೆಂಡರು ನೋಡಿ, ಆರನೇ ತಾರೀಖಿನ ಸತ್ಯನಾರಾಯಣ ಪೂಜೆಗೆ ಒಂಬತ್ತಕ್ಕೆ ಬಂದು ಪ್ರಸಾದ ಕೇಳಿದವರಲ್ಲವೇ ನೀವು? ನನಗದು ನೆನಪಿತ್ತು. ಸುಮ್ಮನಿದ್ದೆ.

ಅಲ್ಲಿ ಆದದ್ದನ್ನು ಡೋಲಕ್ಕಿನವರು ಬಂದು ಹೇಳಿದರು. ಆರು ಇರಬೇಕಾದ ಎರಡು ಗುಂಡಿಗಳಲ್ಲೂ ಒಂಬತ್ತು. ಒಂದು ಸ್ವರ ಸಾಯುವ ಮೊದಲೇ ಇನ್ನೊಂದು ಅದರ ಮೇಲೆ ಬಿದ್ದು, ಅದರ ಮೇಲೆ ಮತ್ತೊಂದು... ಇದು ವೀಣೆಯೋ ಹಡಗಿನ ಕೂಗೋ ಎಂದರಂತೆ ಜನ. ಬಂದರಿನವರಿಗೆ ಹಡಗಿನ ಕೂಗು ಗೊತ್ತಿಲ್ಲವೇ? ಎರಡೇ ಗುಂಡಿ ಹಿಂದಕ್ಕೆ ತಿರುಗಿಸಿದ್ದರೆ ಸಾಕಿತ್ತು ಮಾವ. ಯಾವ ಎರಡು ಎಂಬುದು ಆ ಸದ್ದು ಮಾಡಿದವರಿಗೆ ಗೊತ್ತಿರುತ್ತಿತ್ತು.

ಸಮುದ್ರದ ಉಪ್ಪುಗಾಳಿ ಯಂತ್ರ ಕೆಡಿಸಿತು ಎಂದಿರಿ. ಕೊನೆಯವರೆಗೂ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ, ತೆಗೆದು, ಒರೆಸಿ, ಮತ್ತೆ ಹೊದಿಸಿದಿರಿ. ನಾನು ಪಕ್ಕದಲ್ಲಿ ಕಾಫಿ ಹಿಡಿದು ನಿಂತಿರುತ್ತಿದ್ದೆ. ಗಾಳಿಯಲ್ಲ ಮಾವ, ನಾನು.

ನಿಮ್ಮ ಮೊಮ್ಮಗಳು ಈಗ ನನ್ನ ಹತ್ತಿರ ಕಲಿಯುತ್ತಿದ್ದಾಳೆ. ಮೊದಲು ಕನ್ನಡದ ಅಂಕಿ ಕಲಿಸಿದೆ. ನಿನ್ನೆ ಅದೇ ನೋಟ್‌ಬುಕ್ ನೋಡಿ ಒಂದೂ ತಪ್ಪದೆ ಗುಂಡಿಗಳನ್ನಿಟ್ಟಳು. ಅಮ್ಮನ ಮೀಟು ಎದ್ದು ಬಂತು.

“ಅತ್ತಾ, ಇದು ತಾತ ಮಾಡಿದ್ದಂತೆ, ಹೌದಾ?”

ಎಲ್ಲವನ್ನೂ ಹೇಳಿಬಿಟ್ಟೆ.