ರಕ್ತಕ್ಕೆ ಒಳ್ಳೆಯ ಟಾನಿಕ್ಕು

ಸೋಮವಾರ, ೧೨ನೇ ತಾರೀಖು
ಲಾಂಡ್ರಿಯ ಊಟದ ಬಿಡುವಿನಲ್ಲಿ

ಪುಟ್ಟಿ,

ನನ್ನ ಆಶೀರ್ವಾದವನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ಅದು ನಿನಗೆ ಬೇಕೆನಿಸುತ್ತದೋ ಇಲ್ಲವೋ. ನಿನ್ನೆಯಿಂದ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಊಟ ಆಯಿತೇ, ಕೆಮ್ಮು ಹೇಗಿದೆ ಎಂದು ಕೇಳಿ ಇಟ್ಟೆ. ಹೇಳಬೇಕಾದದ್ದು ಬೇರೆ ಇತ್ತು, ಬಾಯಿಗೆ ಬೀಗ ಬಿತ್ತು. ಬಾಯಿಗಿಂತ ಕೈಗೆ ನಾಚಿಕೆ ಕಡಿಮೆಯೆಂದು ಬರೆಯಲು ಕುಳಿತಿದ್ದೇನೆ.

ಸುತ್ತಿ ಬಳಸಿ ಹೇಳುವುದಿಲ್ಲ. ನೀನು ನನ್ನ ಹತ್ತಿರ ಇಟ್ಟು ಹೋದ ಬಾಟಲಿ ಖಾಲಿಯಾಗಿದೆ. ಒಡೆಯಲಿಲ್ಲ, ಯಾರೂ ಕದಿಯಲಿಲ್ಲ. ನಾನೇ ಕೈಯಾರೆ ಮುಚ್ಚಳ ತೆಗೆದೆ.

ಅದು ನಿನಗೆ ಏನೆಂದು ನನಗೆ ಗೊತ್ತಿಲ್ಲದೆ ಮಾಡಿದ್ದಲ್ಲ. ನೀನೇ ಕುಳಿತು ಹೇಳಿದ್ದೆ. ಅದರ ಹೆಸರು ಇಂಪೀರಿಯಲ್ ಸ್ಟೌಟ್. ನನ್ನ ನಾಲಿಗೆ ಹೊರಳುವುದಿಲ್ಲ, ಕರಿ ಬಿಯರು ಎಂದೇ ಬರೆಯುತ್ತೇನೆ. ವಿಸ್ಕಿ ಇಟ್ಟಿದ್ದ ಹಳೆಯ ಮರದ ಪೀಪಾಯಿಯಲ್ಲಿ ಹದಿನಾಲ್ಕು ತಿಂಗಳು ಮಲಗಿಸಿ ತೆಗೆದದ್ದು, ನೀನು ಒಬ್ಬಳೇ ನಿಂತು ಮಾಡಿದ ಮೊದಲನೆಯ ಪೀಪಾಯಿ. ಬೇರೆ ಬಾಟಲಿಗಳೆಲ್ಲ ಎಂದೋ ಹೋದವು, ಇದೊಂದೇ ಉಳಿದದ್ದು. ನಿನಗೆ ಕೆಲಸ ಕಲಿಸಿದ ಮೇಷ್ಟ್ರು ಆಗ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದರು, ಅವರಿಗೆ ಹನಿಯೂ ಸಿಗಲಿಲ್ಲ. ಬರುವ ಶನಿವಾರ ಅವರನ್ನು ನಮ್ಮ ಮನೆಗೇ ಕರೆತಂದು, ಎರಡು ಗುಟುಕು ರುಚಿ ತೋರಿಸಿ, ಪೀಪಾಯಿ ಕೋಣೆಯ ಜವಾಬ್ದಾರಿ ನಿನಗೆ ಒಪ್ಪಿಸುತ್ತಾರೋ ಇಲ್ಲವೋ ಅಂದೇ ಕೇಳುವುದೆಂದು ನೀನು ಹೇಳಿದ್ದೆ. "ಫ್ರಿಜ್ಜಲ್ಲಿ ಇಡ್ಬೇಡಮ್ಮಾ, ಕತ್ತಲಲ್ಲಿ ನೆಟ್ಟಗೆ ನಿಲ್ಸು, ಅಷ್ಟೇ ಸಾಕು" ಎಂದು ಹೋದೆ. ಅಷ್ಟೂ ನನ್ನ ಕೈಲಿ ಆಗಲಿಲ್ಲ.

ನಮ್ಮ ಮನೆಯಲ್ಲಿ ತಂಪೆಂದರೆ ಉತ್ತರದ ಗೋಡೆ. ಆ ಗೋಡೆಗೆ ಇರುವುದು ದೇವರ ಬೀರು. ಮೇಲಿನ ಅರೆಯಲ್ಲಿ ದೇವರು, ನಡುವೆ ಹಾಡಿನ ಪುಸ್ತಕಗಳು, ಕೆಳಗೆ ನಿನ್ನ ಬಾಟಲಿ. ತಪ್ಪಾಯಿತೆಂದು ದಿನಾ ಕೆನ್ನೆ ಬಡಿದುಕೊಂಡು, ಅದಕ್ಕೊಂದು ತಲೆದಿಂಬಿನ ಚೀಲ ಹೊದಿಸಿದ್ದೆ.

ಹೋದ ಗುರುವಾರ ಮಧ್ಯಾಹ್ನ ಎಂದಿನಂತೆ ಪ್ರಾರ್ಥನೆಯವರು ಬಂದರು. ನನ್ನನ್ನೂ ಸೇರಿಸಿ ಏಳು ಜನ. ಪುಸ್ತಕ ತೆಗೆಯಲು ಬಗ್ಗಿದ ದೊಡ್ಡಕ್ಕನಿಗೆ ಆ ಚೀಲ ಕಂಡಿತು. ನಮ್ಮ ಗುಂಪಿಗೆ ಅವಳೇ ಹಿರಿಯಳು, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡದೆ ಬಿಡುವವಳಲ್ಲ. "ಇದೇನೇ ಇದು, ಬಾಯಿಗೆ ಮೇಣ ಬೇರೆ ಮೆತ್ತಿದ್ದೀಯ? ದೇವ್ರಿಗೂ ಕಾಣ್ಬಾರ್ದು ಅಂತಾನಾ?" ಎಂದಳು. ಎಲ್ಲರೂ ನಕ್ಕರು. ಬಾಟಲಿಯ ಮೇಲೆ ನೀನು ಬರೆದ ತಾರೀಖು ಬಿಟ್ಟರೆ ಬೇರೇನೂ ಇರಲಿಲ್ಲ.

ನಾನು "ಟಾನಿಕ್ಕು. ಮಗಳ ಕಂಪನೀದು. ರಕ್ತಕ್ಕೆ ಒಳ್ಳೇದು" ಎಂದೆ.

ಆ ಸುಳ್ಳು ಅಂದಿನದಲ್ಲ, ಪುಟ್ಟಿ. ನೀನು ಬಿಯರು ಮಾಡುವ ಆ ಕೆಲಸಕ್ಕೆ ಸೇರಿದ ವಾರವೇ ಹುಟ್ಟಿದ್ದು, ಅದಕ್ಕೀಗ ನಾಲ್ಕು ವರ್ಷ. ನೀನು ಟಾನಿಕ್ ಕಂಪನಿಯಲ್ಲಿದ್ದೀಯ ಎಂದು ಇವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ಅಪ್ಪ ಕುಡಿದವರಲ್ಲ. ಕುಡಿದು ನನ್ನನ್ನು ಹೊಡೆದಿದ್ದರೆ ನಿನ್ನ ಕೆಲಸ ಮುಚ್ಚಿಟ್ಟದ್ದಕ್ಕೆ ಒಂದು ಕಾರಣವಾದರೂ ಇರುತ್ತಿತ್ತು. ನನಗಿದ್ದದ್ದು ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂಬುದೊಂದೇ. ಆ ನಾಲ್ಕು ಜನವೂ ಅಂದು ನಮ್ಮ ಚಾಪೆಯ ಮೇಲೆಯೇ ಕುಳಿತಿದ್ದರು.

"ರಕ್ತಕ್ಕೆ ಅಂದ್ರೆ ನನಗೇ ಮೊದ್ಲು ಬೇಕು, ಎಲ್ರಿಗೂ ಒಂದೊಂದು ಚಮಚ ಹಾಕು" ಎಂದಳು ದೊಡ್ಡಕ್ಕ. ಬೇಡವೆನ್ನಲು ನೂರು ದಾರಿ ಇತ್ತು. ಇದು ಶನಿವಾರಕ್ಕೆ ಇಟ್ಟದ್ದು ಎಂದರೆ ಮುಗಿಯುತ್ತಿತ್ತು. ಯಾಕೆ, ಯಾರಿಗೆ ಎಂದು ಕೇಳಿದರೆ ಏನು ಹೇಳಲಿ ಎಂದು ಹೆದರಿ, ಚಾಕುವಿನಿಂದ ಮೇಣ ಕೆರೆದೆ. ಚಾಕು ಎರಡು ಸಲ ಜಾರಿದ್ದನ್ನು ನೋಡಿ ನಮ್ಮ ಗುಂಪಿನ ಟೈಲರಮ್ಮ, "ಟಾನಿಕ್ಕು ಮೊದ್ಲು ಇವಳಿಗೇ ಕೊಡ್ರೇ" ಎಂದಳು.

ಅದು ಎಣ್ಣೆಯ ಹಾಗೆ ದಪ್ಪಗೆ ಬಿತ್ತು, ಮೇಲೆ ಕಂದು ನೊರೆ. ಕೆಲಸದಿಂದ ನಿವೃತ್ತಳಾದ ನರ್ಸಮ್ಮ ಮೂಸಿ ನೋಡಿ ನನ್ನ ಮುಖ ನೋಡಿದಳು. "ಡೋಸು ಸಣ್ಣದಿರ್ಲಿ" ಎಂದಳಷ್ಟೆ. ಅವಳಿಗೆ ಗೊತ್ತಾಯಿತೆಂದು ನನಗೂ ಗೊತ್ತಾಯಿತು. ಮಿಕ್ಕವರು ಚಮಚ ಚೀಪಿದರು. ಕಹಿ ಎಂದು ಮುಖ ಹಿಂಡಿದ ಟೈಲರಮ್ಮ, ಸ್ವಲ್ಪ ತಡೆದು, "ಹೋಗ್ತಾನೇ ಇಲ್ಲ ಕಣ್ರೇ ಬಾಯಿಂದ, ಹಿಂದಿಂದ ಸಿಹಿ ಬರ್ತಿದೆ" ಎಂದಳು. ಚಮಚ ಹೋಗಿ ಪುಟ್ಟ ಲೋಟಗಳು ಬಂದವು. ದೊಡ್ಡಕ್ಕ ಮಂಡಿ ಒತ್ತಿ ನೋಡಿಕೊಂಡು, ಆಗಲೇ ನೋವು ಅರ್ಧ ಇಳಿಯಿತೆಂದು ಸಾರಿದಳು. ಅಂದಿನ ಹಾಡನ್ನು ಅವಳು ಎತ್ತಿದ ಸ್ವರ ಕೇಳಿ ಪಕ್ಕದ ಮನೆಯ ನಾಯಿ ಬೊಗಳಿತು. ಪುಟ್ಟಿ, ನಗಬೇಡ. ನಾನು ದೇವರ ಮುಂದೆ ತಲೆ ಎತ್ತದೆ ಕುಳಿತಿದ್ದೆ.

ಹೀಗೆ ಎಲ್ಲರೂ ಸೇರಿ ಅದನ್ನು ಮುಗಿಸಿದರು. ನಾನೂ ಒಂದು ಚಮಚ ನಾಲಿಗೆಗೆ ಮುಟ್ಟಿಸಿದೆ. ಕಹಿ. ಉಗಿಯಲಾಗದೆ ನುಂಗಿದೆ.

ಇಷ್ಟಾಗಿದ್ದರೆ ಒಂದು ಬಾಟಲಿಯ ಮಾತು. ಹೊರಡುವಾಗ ದೊಡ್ಡಕ್ಕ ಬಾಗಿಲಲ್ಲಿ ನಿಂತು, "ಇಂಥದ್ದು ನಾನು ಕುಡಿದೇ ಇಲ್ಲ ಕಣೇ. ನಿಜ ಹೇಳು, ಇದನ್ನ ನಿನ್ನ ಮಗಳೇ ಮಾಡಿದ್ದಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಬೆರಗಿತ್ತು. ನನ್ನ ಎದೆ ಉಬ್ಬಿತು. ಹೌದು ಎನ್ನಲು ಎಷ್ಟು ಹೊತ್ತು? ಆದರೆ ಹೌದೆಂದರೆ ಅವಳು ನಾಳೆಯೇ ನಿನಗೆ ಫೋನ್ ಮಾಡುತ್ತಾಳೆ, ಗುಟ್ಟು ರಟ್ಟಾಗುತ್ತದೆ. "ಇಲ್ಲಪ್ಪ, ಅವಳು ಲೇಬಲ್ ಅಂಟಿಸ್ತಾಳೆ ಅಷ್ಟೆ" ಎಂದುಬಿಟ್ಟೆ.

ಬಾಟಲಿಗಿಂತ ಈ ಮಾತು ನನ್ನನ್ನು ಸುಡುತ್ತಿದೆ. ಗುರುವಾರದಿಂದ ಚಾದರದ ಮೇಲೆ ಚಾದರ ಇಸ್ತ್ರಿ ಮಾಡುತ್ತೇನೆ, ಅದೇ ಕಿವಿಯಲ್ಲಿ. ಹದಿನಾಲ್ಕು ತಿಂಗಳು ಕಾದವಳನ್ನು ಹೆತ್ತವಳ ಬಾಯಿ ಹಾಗಂದಿತು.

ನಿನ್ನೆ ದೊಡ್ಡಕ್ಕನ ಮನೆಗೆ ಹೋಗಿ, ಎಲ್ಲರನ್ನೂ ಕರೆಸಿ, ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು, "ದೇವ್ರ ಮುಂದೆ ಕೂರ್ಸಿ ಕುಡಿಸಿಬಿಟ್ಯಲ್ಲೇ ನನ್ನ" ಎಂದು ಅತ್ತಳು. ಇನ್ನು ಮೇಲೆ ಪ್ರಾರ್ಥನೆ ಅವಳ ಮನೆಯಲ್ಲಂತೆ. ನಾನು ಬರಬಹುದೋ ಬಾರದೋ ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನರ್ಸಮ್ಮ ಬೀದಿಯ ಕೊನೆಯವರೆಗೂ ಜೊತೆಗೆ ಬಂದಳು. "ನಾಲ್ಕು ಚಮಚಕ್ಕೆಲ್ಲ ದೇವ್ರು ಬಾಗ್ಲು ಹಾಕಲ್ಲ. ಹಾಕೋಳು ದೊಡ್ಡಕ್ಕ. ಅವಳದ್ದು ನಾನು ನೋಡ್ಕೋತೀನಿ, ನೀನು ಮಗಳಿಗೆ ಹೇಳು" ಎಂದಳು.

ಹೇಳಿದ್ದೇನೆ. ಈ ಕಾಗದ ಬುಧವಾರ ನಿನ್ನ ಕೈ ಸೇರುತ್ತದೆ. ಮೇಷ್ಟ್ರಿಗೆ ಏನು ಹೇಳುವುದೆಂದು ಯೋಚಿಸಲು ನಿನಗೆ ಎರಡು ದಿನ ಇರಲಿ ಎಂದು ಇಂದೇ ಅಂಚೆಗೆ ಹಾಕುತ್ತೇನೆ. ಬಯ್ಯುವುದಿದ್ದರೆ ಫೋನಿನಲ್ಲಿ ಬಯ್ಯಿ, ನಾನು ಇಡುವುದಿಲ್ಲ.

ನಿನ್ನ ಮುಖ ನೋಡಲು ನಾಚುವ,
ಅಮ್ಮ

ಸಹಿ ಹಾಕಿದ ಮೇಲೆ:
ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. ಎಲ್ಲರೂ ಸೇರಿ ಮುಗಿಸಿದರು ಎಂದು ಮೇಲೆ ಬರೆದದ್ದು ಸುಳ್ಳು. ಅವರು ಹೋದಾಗ ತಳದಲ್ಲಿ ನಾಲ್ಕು ಬೆರಳು ಉಳಿದಿತ್ತು. ನರ್ಸಮ್ಮ ಹೋಗುವ ಮುಂಚೆ, "ಗಟ್ಟಿಯಾಗಿ ಮುಚ್ಚಿಡು, ನಾಳೆವರ್ಗೂ ಕೆಡಲ್ಲ, ಮಾಡಿದೋಳಿಗೆ ಬೇಕಾಗ್ಬೋದು" ಎಂದು ಕಿವಿಯಲ್ಲಿ ಹೇಳಿಯೂ ಇದ್ದಳು. ಆಗಲೇ ನಿನಗೆ ಫೋನ್ ಮಾಡಿದ್ದರೆ ನೀನು ಮಾರನೆಯ ದಿನವೇ ಮೇಷ್ಟ್ರನ್ನು ಕರೆತರುತ್ತಿದ್ದೆ, ಅವರ ಎರಡು ಗುಟುಕಿಗೆ ಅದು ಧಾರಾಳ. ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಅಷ್ಟನ್ನೂ ಕುಡಿದೆ. ಆ ಒಂದು ಚಮಚ ಕಹಿಯಾಗಿದ್ದದ್ದು ನಿಜ, ಆದರೆ ಅದು ನನ್ನನ್ನು ಬಿಡಲಿಲ್ಲ. ನಾಲ್ಕು ವರ್ಷದಲ್ಲಿ ನೀನು ಮಾಡುವುದು ಹೇಗಿರುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಮೊದಲು ಸುಟ್ಟ ಸಕ್ಕರೆ, ಆಮೇಲೆ ಒಣದ್ರಾಕ್ಷಿ, ನುಂಗಿದ ಮೇಲೆ ಹಳೆಯ ಮರದ ಪೆಟ್ಟಿಗೆಯನ್ನು ತೆರೆದಾಗ ಬರುವ ವಾಸನೆ, ಕೊನೆಗೆ ಎದೆಯಲ್ಲಿ ಒಂದು ಬಿಸುಪು. ಅವಸರ ಮಾಡದೆ ಕುಡಿದೆ. ಚೆನ್ನಾಗಿತ್ತು, ಪುಟ್ಟಿ. ಬಹಳ ಚೆನ್ನಾಗಿತ್ತು. ಶನಿವಾರ ಮೇಷ್ಟ್ರನ್ನು ಬರಬೇಡಿ ಎನ್ನಬೇಡ, ಕರೆದುಕೊಂಡೇ ಬಾ. ಕುಡಿದವಳು ನಾನು, ಮಾಡಿದವಳು ನನ್ನ ಮಗಳು ಎಂದು ಅವರ ಮುಂದೆ ಮಾತು ಶುರುಮಾಡುತ್ತೇನೆ.