ಲಿಪ್‌ಕಿಂಡ್ ಹೋಟೆಲಿನ ಬಾಗಿಲುಗಳು

ಲಿಬರ್ಟಿ, ನ್ಯೂಯಾರ್ಕ್
ಅಕ್ಟೋಬರ್ 19, ಗುರುವಾರ

ಪ್ರೀತಿಯ ಹೆಶಿ ಅಣ್ಣಾ,

ಮಂಡಿನೋವು ಹೇಗಿದೆ? ಫ್ಲಾರಿಡಾದ ಬಿಸಿಲಿಗೆ ಕಡಿಮೆಯಾಗುತ್ತದೆ ಎಂದು ಹೋದವನು ನೀನು. ಈಗ ನೋವಿನ ಜೊತೆಗೆ ಬೆವರೂ ಸೇರಿಕೊಂಡಿತು. ಅತ್ತಿಗೆ ಉಪ್ಪುಮೀನು ಮುಟ್ಟಲು ಬಿಡುವುದಿಲ್ಲವೆಂದು ಗೋಳಾಡಿದೆಯಲ್ಲ, ಅವರು ಮಾಡಿದ್ದೇ ಸರಿ. ಅಪ್ಪ ಗಟ್ಟಿಯಾಗಿದ್ದಾರೆ. ತೊಂಬತ್ತು ದಾಟಿದರೂ ನನ್ನ ಸೂಪಿಗೆ ಉಪ್ಪು ಸಾಲದು ಎನ್ನುವಷ್ಟು ನಾಲಿಗೆ ಚುರುಕಾಗಿದೆ. ಫೋನ್ ಮಾಡದೆ ಕಾಗದ ಬರೆಯುತ್ತಿರುವುದೂ ಅವರಿಂದಲೇ. ನಾನು ಫೋನ್ ಎತ್ತಿದರೆ ಸಾಕು, ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ನಮ್ಮ ಹೋಟೆಲು ಹೋಯಿತು, ಅಣ್ಣ. ಸೋಮವಾರ ಯಂತ್ರ ಬಂದು ಕೋಣೆಗಳ ಸಾಲನ್ನು ಕೆಡವಿತು. ನಿನ್ನೆ ಊಟದ ಮನೆಯೂ ಹೋಯಿತು. ನಾನು ಬೇಲಿಯಾಚೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಈ ಬೆಟ್ಟಗಳಲ್ಲಿ ನಮ್ಮ ಯೆಹೂದಿಗಳ ಬೇಸಿಗೆ ಹೋಟೆಲುಗಳು ಒಂದೊಂದಾಗಿ ಬೀಳುವಾಗಲೆಲ್ಲ ಹೀಗೇ ನಿಂತಿದ್ದೇನೆ. ಈಜುಕೊಳದೊಳಗೆ ಬೆಳೆದ ಮರ, ಪಾಚಿ ಹಿಡಿದ ನಾಟ್ಯಶಾಲೆಯ ನೆಲ, ಎಲ್ಲ ತೆಗೆದಿದ್ದೇನೆ. ಜನ ಮೆಚ್ಚಿ ಗೋಡೆಗೆ ಹಾಕಿಕೊಂಡಿದ್ದಾರೆ. ನಮ್ಮದೇ ಬೀಳುವಾಗ ಮಾತ್ರ, ಚಿತ್ರ ತೆಗೆಯುವುದು ಬಿಟ್ಟು ನನ್ನಿಂದ ಏನೂ ಆಗುವುದಿಲ್ಲವಲ್ಲ ಎಂದು ಅಳು ಬಂತು.

ಆದರೆ ಅಪ್ಪನ ಸಂಕಟ ಕಟ್ಟಡದ್ದಲ್ಲ. ಹಬ್ಬಕ್ಕೆ ಮುಂಚೆ ನನ್ನ ಹೊಸ ಚಿತ್ರಗಳನ್ನು ಮೇಜಿನ ಮೇಲೆ ಹರಡಿದ್ದೆ. ಭೂತಗನ್ನಡಿ ಹಿಡಿದು ನೋಡುತ್ತಿದ್ದ ಅಪ್ಪ ತಟ್ಟನೆ ನಿಂತರು. ಪ್ರತಿ ಕೋಣೆಯ ಬಾಗಿಲವಾಡದಲ್ಲೂ ಮೊಳೆ ಹೊಡೆದ ಮೆಝುಝಾದ ಪುಟ್ಟ ಕರಡಿಗೆ ಹಾಗೆಯೇ ಇತ್ತು, ಬಣ್ಣ ಬಳಿಸಿಕೊಂಡು. ಹೋಟೆಲು ಮಾರಿದ ವರ್ಷ ಅಮ್ಮ ಅವನ್ನು ಬಿಚ್ಚಲು ಹೊರಟಾಗ ಅಪ್ಪ ತಡೆದದ್ದು ನಿನಗೂ ನೆನಪಿರಬೇಕು. "ಬಿಚ್ಚೋದ್ಯಾಕೆ? ಕೊಂಡೋನು ಒಂದು ಬೇಸಿಗೆನೂ ನಡೆಸಲಾರ, ನಾವೇ ವಾಪಸ್ ಬರ್ತೀವಿ." ಈಗ ಅವುಗಳೊಳಗಿನ ಬರಹದ ಸುರುಳಿಗಳು ಕಸದ ಲಾರಿ ಹತ್ತುತ್ತವೆ ಎಂದು ಅವರಿಗೆ ನಿದ್ದೆ ಹೋಯಿತು. "ದೇವರ ಹೆಸರು ಬರೆದದ್ದನ್ನ ಮಣ್ಣು ಮಾಡ್ಬೇಕು ಕಣೇ, ಮನುಷ್ಯರನ್ನ ಮಾಡೋ ಹಾಗೆ. ಎಲ್ಲಾನೂ ತಗೊಂಡ್ ಬಾ. ನಿಮ್ಮಮ್ಮನ ಪಕ್ಕ ಹೂಳೋಣ" ಎಂದರು. ಹೊಸ್ತಿಲು ದಾಟುವಾಗ ಮಾಡುತ್ತಿದ್ದಂತೆಯೇ, ಚಿತ್ರದಲ್ಲಿದ್ದ ಬಾಗಿಲನ್ನು ಬೆರಳಿಂದ ಮುಟ್ಟಿ, ಆ ಬೆರಳಿಗೆ ಮುತ್ತಿಟ್ಟರು. ನನಗೆ ನೋಡಲಾಗಲಿಲ್ಲ.

ಕೆಡವುವ ಮುಂಚೆ ಕಾವಲಿನವನನ್ನು ಕಾಡಿ ಬೇಡಿ ಒಂದು ಮಧ್ಯಾಹ್ನ ಒಳಗೆ ಹೋದೆ. ಕೆಳಗಿನ ಕೋಣೆಗಳಲ್ಲಿ ಒಂದು ಹಿಡಿಯಷ್ಟು ಸಿಕ್ಕವು. ಮೇಲಕ್ಕೆ ಹತ್ತಲು ಮೆಟ್ಟಿಲೇ ಉಳಿದಿರಲಿಲ್ಲ, ಕೆಡವುವವರು ಆಗಲೇ ಕಿತ್ತಿದ್ದರು. ಕಿಟಕಿ ಹಿಡಿದು ಹತ್ತಲು ನೋಡಿದೆ. "ಮೇಡಂ, ನೀವು ಬಿದ್ರೆ ನನ್ ಕೆಲ್ಸ ಹೋಗುತ್ತೆ, ಇಳೀರಿ" ಎಂದ ಕಾವಲಿನವನು. ಎಷ್ಟೋ ವರ್ಷ ಆ ಬಾಗಿಲುಗಳ ಮುಂದೆಯೇ ಓಡಾಡಿದ್ದೆ; ಇದ್ದದ್ದು ಇದ್ದಂತೆ ಚಿತ್ರದಲ್ಲಿ ಬರಲಿ ಎಂದು ಒಂದು ಮೊಳೆಯನ್ನೂ ಮುಟ್ಟಿರಲಿಲ್ಲ. ಮೆಟ್ಟಿಲಿದ್ದಾಗ ಬುದ್ಧಿಯಿರಲಿಲ್ಲ, ಬುದ್ಧಿ ಬಂದಾಗ ಮೆಟ್ಟಿಲಿಲ್ಲ. ಮನೆಗೆ ಬಂದು "ಎಲ್ಲಾ ಸಿಕ್ತು ಅಪ್ಪಾ" ಎಂದುಬಿಟ್ಟೆ. ಸಿಗದವುಗಳ ಬದಲು ಆ ಬಾಗಿಲುಗಳ ಚಿತ್ರಗಳನ್ನೇ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದಿದ್ದೇನೆ. ಬೇರೆ ಏನು ಮಾಡಲಿ, ನೀನೇ ಹೇಳು.

ನವೆಂಬರ್ ಐದರ ಭಾನುವಾರ ಹೂಳುವುದು. ಪೆಟ್ಟಿಗೆಯನ್ನು ನೀನೇ ಹೊರಬೇಕೆಂದು ಅಪ್ಪನ ಹಟ. ದಪ್ಪ ಕೋಟು ತಾ, ಇಲ್ಲಿ ಆಗಲೇ ಚಳಿ ಕಚ್ಚುತ್ತಿದೆ. ಅತ್ತಿಗೆಯನ್ನೂ ಮಕ್ಕಳನ್ನೂ ಕೇಳಿದೆನೆಂದು ಹೇಳು. ದೇವರು ನಿನ್ನ ಮಂಡಿಗೆ ಅಷ್ಟು ದಿನವಾದರೂ ಬಲ ಕೊಡಲಿ.

ನಿನ್ನ ತಂಗಿ,
ಬ್ಲೂಮಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಪೆಟ್ಟಿಗೆ ಎತ್ತಿ ನೋಡಿದರು. ಕೆಳಗಿಟ್ಟು, ಅದರ ಮೇಲೆ ಕೈಯಿಟ್ಟರು. ಆಮೇಲೆ ಮೆಲ್ಲಗೆ, "ತುಂಬ ಹಗುರ ಆಯ್ತು ಕಣೇ. ನಾಲ್ಕು ಇಟ್ಟಿಗೆ ಚೂರು ಹಾಕು. ಎಲ್ಲಾ ಸಿಕ್ಕಿಲ್ಲ ಅಂತ ಹೆಶಿಗೆ ಗೊತ್ತಾದ್ರೆ ನೊಂದ್ಕೋತಾನೆ" ಎಂದರು. ಮೊಳೆ ಕಿತ್ತು, ಇಟ್ಟಿಗೆ ಚೂರು ಹಾಕಿ, ಮತ್ತೆ ಹೊಡೆದಿದ್ದೇನೆ. ಎತ್ತುವಾಗ ಭಾರ ಎಂದು ನರಳು, ಅಣ್ಣ. ಅಪ್ಪನಿಗೆ ಕೇಳಿಸುವಂತೆ ನರಳು.